ಎರಡು ಆಸಿಲೇಟರ್‌ಗಳು ಒಂದಕ್ಕೊಂದು ಅಂಟಿಕೊಂಡಾಗ

ನಮಸ್ಕಾರ. ಮಾತಿಗೆ ಮೊದಲು ಈ ಸದ್ದು ಕೇಳಿ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ.

ಇದು ನಾನು ಕಟ್ಟಿದ ಸಿಂಥ್, ಅಂದರೆ ಎಲೆಕ್ಟ್ರಾನಿಕ್ ವಾದ್ಯ ಸಿಂಥಸೈಜರ್. ಇದರಲ್ಲಿ ಎರಡು ಆಸಿಲೇಟರ್‌ಗಳಿವೆ, ಅಂದರೆ ಸ್ವರ ಹುಟ್ಟಿಸುವ ಸರ್ಕ್ಯೂಟ್‌ಗಳು. ಒಂದು 220 ಹರ್ಟ್ಜ್‌ನಲ್ಲಿ ಹಾಡುತ್ತಿದೆ, ಇನ್ನೊಂದು 222ರಲ್ಲಿ. ಎರಡೂ ಸೇರಿದಾಗ ಸದ್ದು ಸೆಕೆಂಡಿಗೆ ಎರಡು ಸಲ ಏರಿ ಇಳಿಯುತ್ತದೆ. ಇದಕ್ಕೆ ಬೀಟ್ ಅನ್ನುತ್ತಾರೆ. ಎರಡು ಸ್ವರಗಳ ನಡುವೆ ಎಷ್ಟು ಹರ್ಟ್ಜ್ ಅಂತರವೋ, ಸೆಕೆಂಡಿಗೆ ಅಷ್ಟು ಬೀಟ್. ಸಿಂಥ್‌ನ ದಪ್ಪ ದನಿಯ ಗುಟ್ಟು ಇದೇ. ಒಂದೇ ಆಸಿಲೇಟರ್ ಎಷ್ಟು ಜೋರಾಗಿ ಕೂಗಿದರೂ ಸದ್ದು ಚಪ್ಪಟೆಯಾಗಿರುತ್ತದೆ. ಎರಡನ್ನು ಸೇರಿಸಿ, ಶ್ರುತಿಯಲ್ಲಿ ಕೂದಲೆಳೆಯಷ್ಟು ಅಂತರ ಬಿಟ್ಟರೆ, ಅದಕ್ಕೆ ಜೀವ ಬರುತ್ತದೆ.

ಈಗ ಎರಡನೆಯದರ ನಾಬ್ ಅನ್ನು ಮೆಲ್ಲಗೆ ತಿರುಗಿಸುತ್ತಿದ್ದೇನೆ. 221.5. ಬೀಟ್ ನಿಧಾನವಾಯಿತು. 221. ಇನ್ನೂ ನಿಧಾನ, ಸೆಕೆಂಡಿಗೆ ಒಂದು. ಇನ್ನು ಮುಂದೆ ಎರಡು ಸೆಕೆಂಡಿಗೆ ಒಂದು, ಐದು ಸೆಕೆಂಡಿಗೆ ಒಂದು ಅಂತ ಹೋಗಬೇಕು ಅಲ್ವಾ? ಹಾಗಾಗುವುದಿಲ್ಲ. ಕೇಳಿ. ಟಕ್ ಅಂತ ನಿಂತುಹೋಯಿತು. ನಾಬ್ ಇನ್ನೂ ತಿರುಗುತ್ತಿದೆ, ಆದರೆ ಬೀಟ್ ಮತ್ತೆ ಹುಟ್ಟುತ್ತಿಲ್ಲ. ಎರಡೂ ಒಂದಕ್ಕೊಂದು ಅಂಟಿಕೊಂಡಿವೆ.

ಇವತ್ತಿನ ವೀಡಿಯೊ ಪೂರ್ತಿ ಈ ಒಂದು ದೋಷದ ಬಗ್ಗೆ. ಮನೆಯಲ್ಲಿ ಸಿಂಥ್ ಕಟ್ಟುವವರಿಗೆ ಇದು ಬೇಗ ಎದುರಾಗುತ್ತದೆ. ಆದರೂ ಎಷ್ಟೋ ಜನಕ್ಕೆ ಅದು ದೋಷ ಅಂತ ಗೊತ್ತೇ ಆಗುವುದಿಲ್ಲ. ಯಾಕೆಂದರೆ ಎಲ್ಲವೂ ಕೆಲಸ ಮಾಡುತ್ತಿರುತ್ತದೆ. ಮಲ್ಟಿಮೀಟರ್ ಹಿಡಿದರೆ ಎಲ್ಲ ವೋಲ್ಟೇಜ್‌ಗಳೂ ಸರಿ. ಸದ್ದು ಮಾತ್ರ ತೆಳು.

ಶ್ರುತಿ ಕೆಟ್ಟಾಗ ಮೊದಲ ಅನುಮಾನ ಶಾಖದ ಮೇಲೆ ಹೋಗುತ್ತದೆ. ಅದು ಸಹಜ. ಅನಲಾಗ್ ಆಸಿಲೇಟರ್‌ಗೆ 1 ವೋಲ್ಟ್ ಜಾಸ್ತಿ ಕೊಟ್ಟರೆ ಅದು ಒಂದು ಸ್ಥಾಯಿ ಮೇಲೆ ಹೋಗಬೇಕು. ರಾಬರ್ಟ್ ಮೂಗ್ 1960ರ ದಶಕದಲ್ಲಿ ತನ್ನ ಸಿಂಥ್‌ಗಳಲ್ಲಿ ಬಳಸಿದ ಈ ಅಳತೆಯನ್ನೇ ನಾವು ಇವತ್ತಿಗೂ ಬಳಸುತ್ತೇವೆ. ಒಳಗೆ ಈ ಕೆಲಸ ಮಾಡುವುದು ಒಂದು ಜೋಡಿ ಟ್ರಾನ್ಸಿಸ್ಟರ್. ಆ ಜೋಡಿಯ ಮಟ್ಟದಲ್ಲಿ ಒಂದು ಸ್ಥಾಯಿ ಅಂದರೆ ಸುಮಾರು 18 ಮಿಲಿವೋಲ್ಟ್ ಮಾತ್ರ. ಶಾಖ ಒಂದು ಡಿಗ್ರಿ ಏರಿದರೂ ಈ ಲೆಕ್ಕ ಶೇಕಡ 0.3ರಷ್ಟು ಸರಿಯುತ್ತದೆ. ಟ್ರಾನ್ಸಿಸ್ಟರ್ ಮೇಲೆ ಬೆರಳಿಡುತ್ತೇನೆ, ನೋಡಿ. ಬೆರಳಿನ ಬಿಸಿಗೇ ಸ್ವರ ಜಾರುತ್ತಿದೆ.

ಆದರೆ ಅದು ಜಾರುವ ರೀತಿ ಗಮನಿಸಿ. ಮೆಲ್ಲಗೆ, ಒಂದೇ ಸಮನೆ, ಎಲ್ಲೂ ನಿಲ್ಲದೆ ಜಾರುತ್ತದೆ. ನಮ್ಮ ದೋಷ ಹಾಗಿಲ್ಲ. ಒಂದು ಅಂತರದವರೆಗೆ ಎಲ್ಲ ಸರಿ, ಆಮೇಲೆ ಒಮ್ಮೆಲೇ ನಿಲ್ಲುತ್ತದೆ. ಶಾಖಕ್ಕೆ ಹಾಗೆ ನಿಲ್ಲಿಸಲು ಬರುವುದಿಲ್ಲ. ಅಂದರೆ ಒಂದು ಆಸಿಲೇಟರ್ ಇನ್ನೊಂದನ್ನು ಎಲ್ಲೋ ಹಿಡಿದುಕೊಳ್ಳುತ್ತಿದೆ. ಇಷ್ಟನ್ನು ಯಾವ ಉಪಕರಣವೂ ಇಲ್ಲದೆ ಕಿವಿಯೇ ಹೇಳಿಬಿಟ್ಟಿತು. ನನಗೆ ಈ ಹವ್ಯಾಸದಲ್ಲಿ ತುಂಬ ಇಷ್ಟವಾಗುವ ವಿಷಯ ಇದು. ದೋಷ ಹೇಗೆ ಕೇಳಿಸುತ್ತದೆ ಅನ್ನುವುದರಲ್ಲೇ ಅದು ಎಲ್ಲಿದೆ ಅನ್ನುವ ಸುಳಿವು ಅರ್ಧ ಸಿಕ್ಕಿರುತ್ತದೆ.

ಹೀಗೆ ಅಂಟಿಕೊಳ್ಳುವುದು ಹೊಸ ವಿಷಯವೇನಲ್ಲ. 1665ರಲ್ಲಿ ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗನ್ಸ್ ಒಂದೇ ಆಧಾರಕ್ಕೆ ನೇತುಹಾಕಿದ ಎರಡು ಲೋಲಕದ ಗಡಿಯಾರಗಳನ್ನು ಗಮನಿಸಿದ. ಸ್ವಲ್ಪ ಹೊತ್ತಿನಲ್ಲಿ ಎರಡೂ ಲೋಲಕಗಳು ಒಂದೇ ಲಯಕ್ಕೆ ಬರುತ್ತಿದ್ದವು. ಎರಡನ್ನೂ ಹೊತ್ತ ಮರದ ಮೂಲಕ ಸಣ್ಣ ಅಲುಗಾಟ ಒಂದರಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಹಾಗಾದರೆ ನಮ್ಮ ಪೆಟ್ಟಿಗೆಯಲ್ಲಿ ಆ ಮರ ಯಾವುದು?

ಎರಡೂ ಆಸಿಲೇಟರ್‌ಗಳು ಹಂಚಿಕೊಳ್ಳುವ ಜಾಗಗಳು ಮೂರು. ಮಿಕ್ಸರ್, ಕೀಬೋರ್ಡಿನಿಂದ ಬರುವ ವೋಲ್ಟೇಜ್, ಮತ್ತು ಪವರ್.

ಮೊದಲು ಮಿಕ್ಸರ್ ಬಿಚ್ಚಿದೆ. ಒಂದು ಆಸಿಲೇಟರ್ ಎಡ ಕಿವಿಗೆ, ಇನ್ನೊಂದು ಬಲ ಕಿವಿಗೆ. ಈಗ ಬೀಟ್ ಅನ್ನು ಕೇಳಿ ನಂಬುವ ಹಾಗಿಲ್ಲ, ಹಾಗಾಗಿ ಸ್ಕೋಪ್ ಬೇಕು, ಅಂದರೆ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್. ಸ್ಕೋಪ್‌ಗೆ ಮೊದಲ ಆಸಿಲೇಟರ್ ಮೇಲೆ ಟ್ರಿಗರ್ ಕೊಟ್ಟರೆ ಅದರ ಗೆರೆ ನಿಂತಿರುತ್ತದೆ. ಎರಡನೆಯದು ಬೇರೆ ಶ್ರುತಿಯಲ್ಲಿದ್ದರೆ ಅದರ ಗೆರೆ ಪಕ್ಕಕ್ಕೆ ಹರಿಯುತ್ತಿರಬೇಕು. ನೋಡಿ, ಹರಿಯುತ್ತಿದೆ, ಹರಿಯುತ್ತಿದೆ, ನಿಂತಿತು. ಮಿಕ್ಸರ್ ಕಾರಣವಲ್ಲ. ಕೀಬೋರ್ಡ್ ವೈರ್ ಕಿತ್ತು ಎರಡೂ ಇನ್‌ಪುಟ್‌ಗಳನ್ನು ಗ್ರೌಂಡ್‌ಗೆ ಸೇರಿಸಿದೆ. ಆಗಲೂ ಅದೇ.

ಉಳಿದದ್ದು ಪವರ್. ಎರಡನೆಯ ಬೋರ್ಡಿಗೆ ಎರಡು 9 ವೋಲ್ಟ್ ಬ್ಯಾಟರಿ ಕೊಟ್ಟೆ, ಒಂದು ಪ್ಲಸ್ ಕಡೆಗೆ, ಒಂದು ಮೈನಸ್ ಕಡೆಗೆ. ಎರಡು ಬೋರ್ಡುಗಳ ಗ್ರೌಂಡ್ ಮಿಕ್ಸರ್ ಹತ್ತಿರ ಒಂದೇ ಕಡೆ ಸೇರುತ್ತದೆ. ಈಗ ಕೇಳಿ. ಸೆಕೆಂಡಿಗೆ ಒಂದು. ಎರಡು ಸೆಕೆಂಡಿಗೆ ಒಂದು. ಐದು. ಹತ್ತು. ಎಲ್ಲೂ ಅಂಟುತ್ತಿಲ್ಲ. ನಾನು ಈ ಜಾಗದಲ್ಲಿ ಬಹಳ ಹೊತ್ತು ಸುಮ್ನೆ ಕೇಳುತ್ತ ಕೂತಿದ್ದೆ.

ಬ್ಯಾಟರಿ ಹಾಕಿ ಬಿಟ್ಟುಬಿಡಬಹುದಿತ್ತು. ಆದರೆ ಪವರ್ ವೈರಿನಲ್ಲಿ ಏನು ನಡೆಯುತ್ತಿದೆ ಅನ್ನುವುದು ಅದಕ್ಕಿಂತ ಚೆಂದದ ವಿಷಯ.

ಈ ಆಸಿಲೇಟರ್ ಗರಗಸದ ಹಲ್ಲಿನಂಥ ಅಲೆ ಮಾಡುತ್ತದೆ. 1 ನ್ಯಾನೊಫ್ಯಾರಡ್‌ನ ಒಂದು ಕೆಪಾಸಿಟರ್ ಮೆಲ್ಲಗೆ ತುಂಬುತ್ತದೆ. ಅದರ ವೋಲ್ಟೇಜನ್ನು 5 ವೋಲ್ಟಿನ ಒಂದು ಗೆರೆಗೆ ಹೋಲಿಸುತ್ತಿರುವ ಚಿಪ್ ಕಂಪಾರೇಟರ್. 5 ಮುಟ್ಟಿದ ಕೂಡಲೇ ಅದು ಎಚ್ಚರಗೊಳ್ಳುತ್ತದೆ, ಒಂದು ಟ್ರಾನ್ಸಿಸ್ಟರ್ ಕೆಪಾಸಿಟರನ್ನು ಪೂರ್ತಿ ಖಾಲಿ ಮಾಡುತ್ತದೆ, ಮತ್ತೆ ಮೊದಲಿನಿಂದ. 220 ಹರ್ಟ್ಜ್ ಅಂದರೆ ಸೆಕೆಂಡಿಗೆ 220 ಸಲ ಹೀಗೆ. ತುಂಬಲು 4.5 ಮಿಲಿಸೆಕೆಂಡ್ ಸಿಗುತ್ತದೆ. ಖಾಲಿಯಾಗುವುದು ಅರ್ಧ ಮೈಕ್ರೊಸೆಕೆಂಡಿನಲ್ಲಿ. ಆ ಅರ್ಧ ಮೈಕ್ರೊಸೆಕೆಂಡಿನಲ್ಲಿ ಸರಾಸರಿ 10 ಮಿಲಿಆಂಪಿಯರ್ ಕರೆಂಟ್ ಗ್ರೌಂಡ್ ವೈರಿಗೆ ನುಗ್ಗುತ್ತದೆ.

ಸರ್ಕ್ಯೂಟ್ ನಕ್ಷೆಯಲ್ಲಿ ವೈರಿಗೆ ಉದ್ದವಿಲ್ಲ. ಬರೀ ಗೆರೆ. ಪೆಟ್ಟಿಗೆಯಲ್ಲಿ ಅದಕ್ಕೆ ಉದ್ದವಿದೆ, ಮತ್ತು ಒಂದು ಮಿಲಿಮೀಟರ್‌ಗೆ ಸುಮಾರು 1 ನ್ಯಾನೊಹೆನ್ರಿ ಇಂಡಕ್ಟೆನ್ಸ್, ಅಂದರೆ ಕರೆಂಟ್ ಒಮ್ಮೆಲೇ ಬದಲಾಗುವುದನ್ನು ತಡೆಯುವ ಗುಣ, ಇದೆ. ಎರಡೂ ಬೋರ್ಡುಗಳು ಹಂಚಿಕೊಂಡ ವೈರ್ 20 ಸೆಂಟಿಮೀಟರ್ ಇದ್ದರೆ 200 ನ್ಯಾನೊಹೆನ್ರಿ ಆಯಿತು. ಅದರಲ್ಲಿ 10 ಮಿಲಿಆಂಪಿಯರ್ ಕರೆಂಟ್ 100 ನ್ಯಾನೊಸೆಕೆಂಡಿನಲ್ಲಿ ಏರಿದರೆ ವೈರಿನ ಎರಡು ತುದಿಗಳ ನಡುವೆ 20 ಮಿಲಿವೋಲ್ಟ್ ಹುಟ್ಟುತ್ತದೆ. ಸ್ಕೋಪ್‌ನಲ್ಲಿ ನೋಡಿ. ಒಂದು ಆಸಿಲೇಟರ್ ಖಾಲಿಯಾದಾಗಲೆಲ್ಲ ಇನ್ನೊಂದರ 5 ವೋಲ್ಟ್ ಗೆರೆಯಲ್ಲಿ ಒಂದು ಮುಳ್ಳು ಮೂಡುತ್ತಿದೆ. ಹತ್ತಿರ ಹತ್ತಿರ 20 ಮಿಲಿವೋಲ್ಟ್.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಷ್ಟು ಸಣ್ಣ ಮುಳ್ಳು ನೋಡುವಾಗ ಸ್ಕೋಪ್ ಪ್ರೋಬಿನ ಉದ್ದನೆಯ ಗ್ರೌಂಡ್ ಕ್ಲಿಪ್ ಬಳಸಬೇಡಿ. ಆ ಕ್ಲಿಪ್ಪಿನ ವೈರಿನಿಂದಲೇ, ನಿಜವಾಗಿ ಇಲ್ಲದ ಮುಳ್ಳುಗಳು ಕಾಣಿಸುತ್ತವೆ. ಪ್ರೋಬ್ ಜೊತೆ ಬರುವ ಪುಟ್ಟ ಸ್ಪ್ರಿಂಗ್ ಹಾಕಿ, ಅಳೆಯುವ ಜಾಗದ ಪಕ್ಕದಲ್ಲೇ ಗ್ರೌಂಡ್ ಮುಟ್ಟಿಸಿ.

20 ಮಿಲಿವೋಲ್ಟ್ ಅಷ್ಟು ದೊಡ್ಡದಾ? 5 ವೋಲ್ಟಿನಲ್ಲಿ ಅದು ಶೇಕಡ 0.4. ಕೆಪಾಸಿಟರ್ ತುಂಬುತ್ತ ತುಂಬುತ್ತ 4.98 ವೋಲ್ಟ್ ದಾಟಿರುತ್ತದೆ, ಇನ್ನೇನು 5 ಮುಟ್ಟಬೇಕು. ಅದೇ ಹೊತ್ತಿಗೆ ಪಕ್ಕದವನು ಖಾಲಿಯಾಗುತ್ತಾನೆ. 5 ವೋಲ್ಟ್ ಗೆರೆ ಒಂದು ಕ್ಷಣ 20 ಮಿಲಿವೋಲ್ಟ್ ಕುಗ್ಗುತ್ತದೆ. ಕಂಪಾರೇಟರ್ ಚುರುಕು, ಎಲ್‌ಎಂ 311 ಆದರೆ ಸುಮಾರು 200 ನ್ಯಾನೊಸೆಕೆಂಡಿನಲ್ಲಿ ಪ್ರತಿಕ್ರಿಯೆ ಕೊಡುತ್ತದೆ. ಗಡಿ ಬಂತು ಅಂದುಕೊಂಡು ಅದೂ ಖಾಲಿ ಮಾಡಿಬಿಡುತ್ತದೆ. ಮುಂದಿನ ಸುತ್ತಿನಲ್ಲೂ ಹಾಗೇ. ಅಲ್ಲಿಗೆ ಎರಡೂ ಒಂದೇ ಸ್ವರ.

220 ಹರ್ಟ್ಜ್‌ನ ಶೇಕಡ 0.4 ಅಂದರೆ 0.88 ಹರ್ಟ್ಜ್. ಈ ಅಂಕಿ ಕಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮೊದಲು ಕೇಳಿದ್ದು ನೆನಪಿದೆಯಾ? ಸೆಕೆಂಡಿಗೆ ಒಂದು ಬೀಟ್ ಇರುವವರೆಗೆ ಸರಿ ಇತ್ತು, ಅದಕ್ಕಿಂತ ನಿಧಾನವಾದ ಕೂಡಲೇ ನಿಂತಿತು. ಕಿವಿಗೆ ಕೇಳಿಸಿದ್ದು, ಲೆಕ್ಕ ಹೇಳಿದ್ದು, ಸ್ಕೋಪ್ ತೋರಿಸಿದ್ದು, ಮೂರೂ ಒಂದೇ.

ಈ ಲೆಕ್ಕ ಇನ್ನೂ ಎರಡು ವಿಷಯ ಹೇಳುತ್ತದೆ. ಒಂದು, ಯಾವಾಗಲೂ ನಿಧಾನದ ಆಸಿಲೇಟರ್ ವೇಗದ್ದರ ಕಡೆಗೆ ಎಳೆಯಲ್ಪಡಬೇಕು, ಏಕೆಂದರೆ ಗೆರೆ ಕುಗ್ಗಿದಾಗ ಬೇಗ ಖಾಲಿಯಾಗಬಹುದೇ ಹೊರತು ತಡವಾಗಿ ಅಲ್ಲ. ಫ್ರೀಕ್ವೆನ್ಸಿ ಮೀಟರ್ ನೋಡಿ. 220ರಲ್ಲಿದ್ದದ್ದು ಮೇಲೆ ಹಾರುತ್ತದೆ, ಇನ್ನೊಂದು ಅಲುಗುವುದಿಲ್ಲ. ಎರಡು, ಮೇಲಿನ ಸ್ಥಾಯಿಗಳಲ್ಲಿ ತೊಂದರೆ ಜಾಸ್ತಿಯಾಗಬೇಕು. 880 ಹರ್ಟ್ಜ್‌ನಲ್ಲಿ ಅದೇ ಶೇಕಡ 0.4 ಅಂದರೆ 3.5 ಹರ್ಟ್ಜ್. ಅಲ್ಲಿ ಸೆಕೆಂಡಿಗೆ ಮೂರೂವರೆಗಿಂತ ನಿಧಾನದ ಬೀಟ್ ಹುಟ್ಟುವುದೇ ಇಲ್ಲ. ಕೆಳಗಿನ ಸ್ವರಗಳು ತುಂಬಿದ ಹಾಗೆ ಕೇಳಿಸಿ, ಮೇಲಿನವು ಬಡಕಲಾಗಿ ಕೇಳಿಸುತ್ತಿದ್ದದ್ದಕ್ಕೆ ಇದೇ ಕಾರಣ. ಅಷ್ಟು ಬಲವಾಗಿ ಅಲ್ಲದಿದ್ದರೂ ಸ ಮತ್ತು ಪ ಕೂಡ ಅಂಟುತ್ತವೆ. ಅವುಗಳ ಅನುಪಾತ 3:2, ಹಾಗಾಗಿ ಮೂರು ಸುತ್ತಿಗೊಮ್ಮೆ ಎರಡೂ ಒಟ್ಟಿಗೆ ಖಾಲಿಯಾಗುವ ಹೊತ್ತು ಬರುತ್ತದೆ.

ಈಗ ರಿಪೇರಿ. ದೊಡ್ಡ ಪವರ್ ಸಪ್ಲೈ ಹಾಕಿದರೆ ಸರಿಹೋಗಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ. ಹೋಗುವುದಿಲ್ಲ. ಸಪ್ಲೈ ಎಷ್ಟು ದೊಡ್ಡದಾದರೂ ದೋಷ ಅದರಿಂದಾಚೆ, ವೈರಿನಲ್ಲಿದೆ. ಅದೂ ಅಲ್ಲದೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಇಡುವ 7812ರಂಥ ರೆಗ್ಯುಲೇಟರ್ ಅರ್ಧ ಮೈಕ್ರೊಸೆಕೆಂಡಿನ ಏಟಿಗೆ ಸ್ಪಂದಿಸುವಷ್ಟು ವೇಗದ್ದಲ್ಲ.

ಮೊದಲು 100 ನ್ಯಾನೊಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್‌ಗಳು, ಮೇಲೆ 104 ಅಂತ ಬರೆದಿರುತ್ತದಲ್ಲ, ಅವು. ಪ್ರತಿ ಐಸಿಯ ಪವರ್ ಪಿನ್ನಿಗೆ ಒಂದು, ಕಾಲುಗಳನ್ನು ಆದಷ್ಟು ಗಿಡ್ಡ ಮಾಡಿ. ಬೋರ್ಡಿನ ಇನ್ನೊಂದು ಮೂಲೆಯಲ್ಲಿ ಹಾಕಿದರೆ ಹಾಕದ ಹಾಗೇ. ಇದರಿಂದ ಮುಳ್ಳು ಅರ್ಧದಷ್ಟಾಯಿತು.

ಆಮೇಲೆ ವೈರಿಂಗ್. ಮೊದಲು ಪವರ್ ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಸರಪಳಿಯಂತೆ ಹೋಗುತ್ತಿತ್ತು. ಅದನ್ನು ಬಿಚ್ಚಿ ಪ್ರತಿ ಬೋರ್ಡಿಗೂ ಸಪ್ಲೈನಿಂದಲೇ ಬೇರೆ ಬೇರೆ ವೈರ್ ಎಳೆದೆ. ಗ್ರೌಂಡ್ ಕೂಡ ಬೇರೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದು. ಹಂಚಿಕೊಂಡ ಉದ್ದವೇ ಇಲ್ಲವಾದರೆ ಹಂಚಿಕೊಳ್ಳುವ ಮುಳ್ಳೂ ಇಲ್ಲ. ಕೆಪಾಸಿಟರ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ವೈರ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದರ ಬಗ್ಗೆ ಮಾತು ಕಡಿಮೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಅದನ್ನೇ.

ಉಳಿದದ್ದು ಸಣ್ಣ ಕೆಲಸ. ಬೋರ್ಡಿಗೆ ಪವರ್ ಒಳಬರುವ ಕಡೆ ಪ್ಲಸ್ ಮತ್ತು ಮೈನಸ್ ವೈರುಗಳಲ್ಲಿ 10 ಓಮ್ ರೆಸಿಸ್ಟರ್, ಅದರ ಹಿಂದೆ 100 ಮೈಕ್ರೊಫ್ಯಾರಡ್ ಕೆಪಾಸಿಟರ್. ಗ್ರೌಂಡ್‌ನಲ್ಲಿ ರೆಸಿಸ್ಟರ್ ಬೇಡ. ಬೋರ್ಡ್ 20 ಮಿಲಿಆಂಪಿಯರ್ ಎಳೆದರೆ 0.2 ವೋಲ್ಟ್ ಕಡಿಮೆಯಾಗುತ್ತದೆ, ಪರವಾಗಿಲ್ಲ. 5 ವೋಲ್ಟ್ ಗೆರೆ ಹುಟ್ಟುವುದು 12 ವೋಲ್ಟನ್ನು ಎರಡು ರೆಸಿಸ್ಟರ್‌ಗಳಿಂದ ಭಾಗ ಮಾಡಿ. ಅಲ್ಲಿಗೂ ಒಂದು 10 ಮೈಕ್ರೊಫ್ಯಾರಡ್, ಜೊತೆಗೆ ಒಂದು 104.

ಈಗ ಮುಳ್ಳು 1 ಮಿಲಿವೋಲ್ಟ್‌ಗಿಂತ ಕಡಿಮೆ. ಬೀಟ್ ಅನ್ನು 20 ಸೆಕೆಂಡಿಗೂ ಜಾಸ್ತಿ ಹೊತ್ತಿಗೆ ಎಳೆಯಬಹುದು. ಸಂಗೀತಕ್ಕೆ ಅಷ್ಟು ಸಾಕು. ಈಗ ಅದೇ ಮೇಲಿನ ಸ್ಥಾಯಿಯ ಸ್ವರಗಳು. ರಿಪೇರಿಗೆ ಮುಂಚಿನ ರೆಕಾರ್ಡಿಂಗ್ ಎಡದಲ್ಲಿ, ಈಗಿನದು ಬಲದಲ್ಲಿ. ಫಿಲ್ಟರ್ ಬದಲಿಸಿಲ್ಲ, ವಾಲ್ಯೂಮ್ ಬದಲಿಸಿಲ್ಲ.

ಹೀಗೆ ಅಂಟಿಕೊಳ್ಳುವ ಗುಣವನ್ನೇ ಬೇಕೆಂದು ಬಳಸುವುದೂ ಉಂಟು. ಸಿಂಕ್ ಅನ್ನುತ್ತಾರೆ. ಒಂದು ಆಸಿಲೇಟರ್ ಖಾಲಿಯಾದಾಗ ಇನ್ನೊಂದನ್ನೂ ಬಲವಂತವಾಗಿ ಖಾಲಿ ಮಾಡಿಸುವುದು. ಆಮೇಲೆ ಎರಡನೆಯದರ ನಾಬ್ ತಿರುಗಿಸಿದರೆ ಸ್ವರ ಬದಲಾಗುವುದಿಲ್ಲ, ದನಿಯ ಬಣ್ಣ ಮಾತ್ರ ಬದಲಾಗುತ್ತದೆ. ಹರಿತವಾದ, ಸೀಳುವ ದನಿ. ಅದಕ್ಕಾಗಿ ಮುಂದಿನ ಪ್ಯಾನೆಲ್‌ನಲ್ಲಿ ಒಂದು ಸ್ವಿಚ್ ಹಾಕಿದ್ದೇನೆ. ಬೇಕಾದಾಗ ಅಂಟುತ್ತದೆ, ಬೇಡವಾದಾಗ ಬಿಡುತ್ತದೆ.

ಇನ್ನು ಬಾಕಿ ಇರುವುದು ಶಾಖದ ಜಾರಾಟ. ಅದಕ್ಕೆ ಡಿಗ್ರಿಗೆ 3300 ಪಿಪಿಎಂ, ಅಂದರೆ ಶೇಕಡ 0.33ರಷ್ಟು, ಬದಲಾಗುವ ವಿಶೇಷ ರೆಸಿಸ್ಟರ್ ಸಿಗುತ್ತದೆ. ಅದನ್ನು ಟ್ರಾನ್ಸಿಸ್ಟರ್ ಜೋಡಿಯ ಬೆನ್ನಿಗೆ ಥರ್ಮಲ್ ಪೇಸ್ಟ್ ಹಚ್ಚಿ ಕೂರಿಸಬೇಕು. ಮುಂದಿನ ವೀಡಿಯೊದಲ್ಲಿ ಅದನ್ನು ಕೂರಿಸಿ, ಪೆಟ್ಟಿಗೆ ಮುಚ್ಚಿ, ಪವರ್ ಕೊಟ್ಟ ಕ್ಷಣದಿಂದ ಶ್ರುತಿ ಎಷ್ಟು ಸರಿಯುತ್ತದೆ ಅಂತ ಅಳೆದು ತೋರಿಸುತ್ತೇನೆ. ನಿಮ್ಮ ಆಸಿಲೇಟರ್‌ಗಳೂ ಹೀಗೆ ಅಂಟುತ್ತಿದ್ದರೆ ಎಷ್ಟು ಹರ್ಟ್ಜ್‌ನಲ್ಲಿ ಬೀಟ್ ನಿಲ್ಲುತ್ತದೆ ಅಂತ ಗಮನಿಸಿ ಬರೆದು ತಿಳಿಸಿ. ಆ ಒಂದು ಅಂಕಿ ಸಾಕು, ಮುಳ್ಳು ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಬಹುದು.