ಓಡುವ ಮಗು, ತಡವಾಗಿ ಬರುವ ಮಾತು

ಎಲ್ಲರಿಗೂ ನಮಸ್ಕಾರ. ನಾನು ವೈದ್ಯಳಲ್ಲ, ವಾಕ್ ಚಿಕಿತ್ಸಕಿಯೂ ಅಲ್ಲ. ಇಲ್ಲೇ ಬಸವನಗುಡಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವಳು. ಹಗಲೆಲ್ಲ ಮಾತಿನಿಂದಲೇ ಸಂಬಳ ತೆಗೆದುಕೊಳ್ಳುವ ನನ್ನ ಮನೆಯಲ್ಲಿ, ಎರಡೂಕಾಲು ವರ್ಷ ತುಂಬಿದ ಮಗ ‘ಅಮ್ಮ’ ಎಂಬುದನ್ನು ಬಿಟ್ಟರೆ ಬೇರೆ ಪದವನ್ನೇ ಆಡುತ್ತಿರಲಿಲ್ಲ. ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಬೆಳಗಿನಿಂದ ರಾತ್ರಿಯವರೆಗೆ ಓಡುತ್ತಿದ್ದ. ಬಲ್ಲವರಿಂದ ಕೇಳಿ ಕಲಿತದ್ದನ್ನೂ ಅದಕ್ಕಿಂತ ಹೆಚ್ಚಾಗಿ ತಪ್ಪು ಮಾಡಿ ಕಲಿತದ್ದನ್ನೂ ಇಂದು ನಿಮ್ಮ ಮುಂದಿಡುತ್ತೇನೆ.

ಮಾತು ತಡವಾದ ಮಗುವಿನ ಮನೆಗೆ ಬರುವ ನೆಂಟರೆಲ್ಲರೂ ಒಂದೊಂದು ಸಮಾಧಾನವನ್ನು ಕೈಯಲ್ಲಿ ಹಿಡಿದೇ ಬರುತ್ತಾರೆ. ‘ಗಂಡುಮಕ್ಕಳು ಮಾತಿಗೆ ನಿಧಾನ’, ‘ಅವರಪ್ಪನೂ ಮೂರು ತುಂಬಿದ ಮೇಲೇ ಬಾಯಿ ಬಿಟ್ಟದ್ದು’, ‘ಬಜೆ ತೇಯ್ದು ನಾಲಿಗೆಗೆ ಸವರಿ, ತಾನಾಗೇ ಬರುತ್ತೆ’. ಇವುಗಳಲ್ಲಿ ಮೊದಲೆರಡರಲ್ಲಿ ಸತ್ಯದ ಅಂಶ ಇಲ್ಲವೆಂದಲ್ಲ. ಗಂಡುಮಕ್ಕಳು ಸರಾಸರಿಯಲ್ಲಿ ತುಸು ಹಿಂದಿರುವುದು ನಿಜ, ಆದರೆ ಆ ಅಂತರ ಒಂದೆರಡು ತಿಂಗಳಿನದೇ ಹೊರತು ಒಂದು ವರ್ಷದ್ದಲ್ಲ. ಅಪ್ಪನೂ ತಡವಾಗಿ ಮಾತಾಡಿದ್ದನೆಂಬುದು ಸುಮ್ಮನಿರುವುದಕ್ಕೆ ಕಾರಣವಾಗುವುದಿಲ್ಲ, ಬೇಗ ತೋರಿಸುವುದಕ್ಕೆ ಕಾರಣವಾಗಬೇಕು. ಏಕೆಂದರೆ ಮಾತಿನ ತೊಂದರೆಗಳು ಮನೆತನದಲ್ಲಿ ಹರಿದು ಬರುವುದುಂಟು. ಎರಡನೆಯ ವಯಸ್ಸಿನಲ್ಲಿ ಹಿಂದುಳಿದ ಮಕ್ಕಳಲ್ಲಿ ಬಹಳಷ್ಟು ಮಂದಿ ಮುಂದೆ ಸರಿಹೋಗುತ್ತಾರೆ, ಆದರೆ ಯಾವ ಮಗು ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದನ್ನು ಆ ವಯಸ್ಸಿನಲ್ಲಿ ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ.

ಮೊದಲು ನೋಡಬೇಕಾದದ್ದು ಕಿವಿಯನ್ನು. ಅಪ್ಪನ ಸ್ಕೂಟರಿನ ಸದ್ದು ಕೇಳಿದೊಡನೆ ನಮ್ಮ ಮಗ ಬಾಗಿಲಿಗೆ ಓಡುತ್ತಿದ್ದುದರಿಂದ, ಕಿವಿ ಚೆನ್ನಾಗಿಯೇ ಇದೆಯೆಂದು ನಾವು ನಂಬಿಕೊಂಡಿದ್ದೆವು. ಸ್ಕೂಟರಿನ ಸದ್ದು ಕೇಳುವುದು ಬೇರೆ, ‘ಸ’ಕಾರ ‘ಶ’ಕಾರಗಳು ತಿಳಿಯಾಗಿ ಕೇಳುವುದು ಬೇರೆ. ಮೇಲಿಂದ ಮೇಲೆ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ದ್ರವ ನಿಂತುಬಿಟ್ಟರೆ, ನೀರಿನಲ್ಲಿ ಮುಳುಗಿದವರಿಗೆ ದಡದ ಮಾತು ಕೇಳಿದಂತೆ ಎಲ್ಲವೂ ಮಸುಕಾಗುತ್ತದೆ. ಕಿವಿಯೊಳಗೆ ಸಣ್ಣ ನಳಿಕೆಯಿಟ್ಟು ಮಾಡುವ ಒಎಇ ಪರೀಕ್ಷೆ ಕೆಲವೇ ನಿಮಿಷಗಳದ್ದು. ಸದ್ದಿಗೆ ಕಿವಿಯ ನರ ಮತ್ತು ಮಿದುಳು ಹೇಗೆ ಸ್ಪಂದಿಸುತ್ತವೆಂದು ಅಳೆಯುವ ‘ಬೇರಾ’ ಪರೀಕ್ಷೆಗೆ ಮಾತ್ರ ಮಗು ನಿದ್ದೆ ಮಾಡಬೇಕು, ಮತ್ತು ನಮ್ಮಂಥವರ ಮಕ್ಕಳಿಗೆ ನಿದ್ದೆಯೇ ದೊಡ್ಡ ಪರೀಕ್ಷೆ. ಮಧ್ಯಾಹ್ನ ಆಟೋದಲ್ಲಿ ಎರಡು ಸುತ್ತು ಹಾಕಿಸಿ, ಹೆಗಲ ಮೇಲೆ ಒರಗಿದವನನ್ನು ಉಸಿರು ಬಿಗಿಹಿಡಿದು ಒಳಗೆ ಒಯ್ದದ್ದು ಇನ್ನೂ ನೆನಪಿದೆ. ಈ ಊರಿನಲ್ಲಿ ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ, ಹೆಣ್ಣೂರು ರಸ್ತೆಯ ಕಡೆ ಡಾ. ಎಸ್. ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ, ಮೈಸೂರಿಗೆ ಹೋಗಬಲ್ಲವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳ ಬೆಳವಣಿಗೆಯ ತಪಾಸಣೆಯೂ ನಡೆಯುತ್ತದೆ.

ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ, ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ ‘ಅಪ್ಪ ಬಾ’, ‘ಹಾಲು ಬೇಕು’ ಎಂಬಂತೆ ಎರಡು ಪದಗಳ ಜೋಡಣೆ ಎಂಬುದು ಸ್ಥೂಲವಾದ ಲೆಕ್ಕ. ಹೆಸರು ಹಿಡಿದು ಕರೆದರೆ ತಿರುಗದ, ಬೆರಳು ಮಾಡಿ ತೋರಿಸದ, ಕಣ್ಣಿಗೆ ಕಣ್ಣು ಕೂಡಿಸದ, ಬಂದ ಮಾತುಗಳನ್ನು ಕಳೆದುಕೊಂಡ ಮಗುವಿನ ವಿಷಯದಲ್ಲಿ ಲೆಕ್ಕ ಹಾಕುತ್ತಾ ಕೂರದೆ ಕೂಡಲೇ ತೋರಿಸಬೇಕು. ಪದಗಳನ್ನು ಎಣಿಸುವಾಗ ಎಲ್ಲ ಭಾಷೆಗಳವನ್ನೂ ಸೇರಿಸಿ ಎಣಿಸಬೇಕು. ನಮ್ಮ ಮನೆಯಲ್ಲಿ ನನ್ನ ಕನ್ನಡ, ಅವರಪ್ಪನ ತೆಲುಗು, ಮಗುವನ್ನು ನೋಡಿಕೊಳ್ಳಲು ಬರುವವರ ತಮಿಳು ಮೂರೂ ಓಡಾಡುತ್ತವೆ. ಬೆಂಗಳೂರಿನ ಎಷ್ಟೋ ಮನೆಗಳು ಹೀಗೆಯೇ. ಹಲವು ಭಾಷೆಗಳು ಕಿವಿಗೆ ಬೀಳುವುದರಿಂದ ಮಾತು ತಡವಾಗುವುದಿಲ್ಲ. ಆದರೂ ಒಂದು ಶಿಶುವಿಹಾರದವರು ‘ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಮಾತಾಡಿ’ ಎಂದಾಗ, ಕನ್ನಡ ಮೇಷ್ಟರಾದ ನಾನು ಮೂರು ವಾರ ಹಾಗೆಯೇ ಮಾಡಿದೆನೆಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಆ ಮೂರು ವಾರ ನಮ್ಮತ್ತೆ ಮೊಮ್ಮಗನೊಡನೆ ಮಾತಾಡುವುದನ್ನೇ ನಿಲ್ಲಿಸಿದ್ದರು. ಮನೆಯಲ್ಲಿ ಅತಿ ಹೆಚ್ಚು ಮಾತಾಡುತ್ತಿದ್ದವರ ಬಾಯಿಯನ್ನೇ ನಾವು ಮುಚ್ಚಿಸಿದ್ದೆವು.

ಇನ್ನು ಓಟದ ವಿಷಯ. ಆ ವಯಸ್ಸಿನಲ್ಲಿ ಓಡುವುದು ಕಾಯಿಲೆಯಲ್ಲ. ಅತಿಚಟುವಟಿಕೆಯ ತೊಂದರೆಯನ್ನು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಮೊದಲು ನಿರ್ಧರಿಸುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಚಲಿಸುವಂತಿರಬೇಕು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಆ ಮೂರು ಗಂಟೆಗಳನ್ನು ಮಗು ಎಲ್ಲಿ ಹುಡುಕಬೇಕು? ನಾವು ಚೇಷ್ಟೆಯೆನ್ನುವುದರಲ್ಲಿ ಒಂದು ಪಾಲು ಮನೆಯ ಇಕ್ಕಟ್ಟು. ಮತ್ತೊಂದು ಪಾಲು ಮಾತಿಲ್ಲದ ಸಂಕಟ. ಮಾತು ಬಲ್ಲವನಿಗೆ ಜಗಳವಿಲ್ಲವೆನ್ನುತ್ತಾರೆ. ಮಾತೇ ಇಲ್ಲದವನು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ, ತಳ್ಳುತ್ತಾನೆ, ಕಚ್ಚುತ್ತಾನೆ.

ನಾನು ಮಾಡಿದ ದೊಡ್ಡ ತಪ್ಪೆಂದರೆ ಅವನನ್ನು ಹಿಡಿದು ಕೂರಿಸಿದ್ದು. ಚಿತ್ರದ ಕಾರ್ಡುಗಳನ್ನು ಹರಡಿ, ‘ಇದೇನು? ಹೇಳು, ಆನೆ ಅನ್ನು’ ಎಂದು ದಿನವೂ ಪರೀಕ್ಷೆ ನಡೆಸುತ್ತಿದ್ದೆ; ಅವನ ಕಣ್ಣು ಬಾಗಿಲ ಚಿಲಕದ ಮೇಲಿರುತ್ತಿತ್ತು. ನಾವು ಮಗನನ್ನು ತೋರಿಸುತ್ತಿದ್ದ ವಾಕ್ ಚಿಕಿತ್ಸಕಿ ನೋಡಿ ಒಂದೇ ಮಾತು ಹೇಳಿದರು: ‘ಕಾರ್ಡು ಎತ್ತಿಡಿ, ಅವನು ಹೋದಲ್ಲಿಗೆ ನೀವು ಹೋಗಿ.’ ಮರುದಿನದಿಂದ ನಮ್ಮ ತರಗತಿ ಕೃಷ್ಣರಾವ್ ಪಾರ್ಕಿನ ಜಾರುಬಂಡೆಗೆ ವರ್ಗವಾಯಿತು. ಅವನು ಮೆಟ್ಟಿಲೇರುವಾಗ ‘ಹತ್ತು, ಹತ್ತು’ ಎನ್ನುತ್ತಿದ್ದೆ, ಮೇಲೆ ಕುಳಿತಾಗ ಅವನ ಕಾಲನ್ನು ಮೆಲ್ಲನೆ ಹಿಡಿದು ‘ಒಂದು, ಎರಡು, ಮೂರು, ಜಾರು’ ಎಂದು ಬಿಡುತ್ತಿದ್ದೆ. ನಾಲ್ಕಾರು ದಿನ ಹೀಗೆ ಆಡಿದ ಮೇಲೆ ‘ಮೂರು’ ಎಂದು ಹೇಳಿ ಸುಮ್ಮನಾಗಿ, ಅವನ ಮುಖ ನೋಡುತ್ತಾ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕಿತ್ತು. ಪಾಠ ಹೇಳುವವರಿಗೆ ಹತ್ತು ಎಣಿಸುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದು ಎಂಥ ಕಷ್ಟವೆಂದು ಅಂದು ತಿಳಿಯಿತು. ಹಿಂದೆ ಸಾಲಿನಲ್ಲಿದ್ದ ಹುಡುಗಿ ಅವನ ಬೆನ್ನು ತಳ್ಳುತ್ತಿದ್ದಳು. ಅವನು ನನ್ನ ಕೈ ನೋಡಿದ, ತನ್ನ ಕಾಲು ನೋಡಿದ, ಕೊನೆಗೆ ನನ್ನ ಬಾಯಿ ನೋಡಿ ತುಟಿ ಚೂಪು ಮಾಡಿ ‘ಜೂ’ ಎಂದ. ಬಿಟ್ಟೆ. ಇಳಿದವನೇ ಮತ್ತೆ ಮೆಟ್ಟಿಲಿಗೆ ಓಡಿದ, ಅಂದು ಸಂಜೆ ಹದಿನೇಳು ‘ಜೂ’ಗಳಾದವು.

ಈ ಕೆಲಸಕ್ಕೆ ನಮ್ಮ ಭಾಷೆ ಒಳ್ಳೆಯ ಸಲಕರಣೆ. ಕೊಡು, ಹತ್ತು, ಇಳಿ, ತಳ್ಳು, ಬಿಡು ಎಂದು ಯಾವ ಪ್ರತ್ಯಯವೂ ಇಲ್ಲದ ಧಾತುವೇ ಆಜ್ಞೆಯಾಗುತ್ತದೆ. ಓಡುವ ಮಗುವಿಗೆ ಬೇಕಾದವು ಇಂಥ ಕ್ರಿಯಾಪದಗಳೇ ಹೊರತು ಹಣ್ಣು ತರಕಾರಿಗಳ ಪಟ್ಟಿಯಲ್ಲ. ಮಮ್ಮು, ತಾಚಿ, ಬೌಬೌ, ಡುಂ ಎಂಬ ಎಳೆಮಾತುಗಳನ್ನು ಅಶುದ್ಧವೆಂದು ದೂರವಿಡುವುದೂ ಬೇಡ. ಅವುಗಳಲ್ಲಿರುವುದು ತುಟಿಗೆ, ನಾಲಿಗೆಯ ತುದಿಗೆ ಸುಲಭವಾಗಿ ಒದಗುವ ಅಕ್ಷರಗಳು. ಮಗು ‘ನೀರು’ ಎಂದರೆ ನಾವು ‘ನೀರು ಬೇಕು’ ಎಂದು ಒಂದೇ ಒಂದು ಪದವನ್ನು ಹೆಚ್ಚಿಸಿ ಹಿಂತಿರುಗಿಸಬೇಕು, ಸರಿಯಾಗಿ ಹೇಳೆಂದು ತಿದ್ದಬಾರದು.

ಮೊಬೈಲ್ ತೋರಿಸಿ ತುತ್ತು ಇಡುವ ಬಗ್ಗೆ ನಾನು ಬೈಯಲಾರೆ, ನಾನೂ ಇಟ್ಟಿದ್ದೇನೆ. ಆದರೆ ಪರದೆ ಮಾತಾಡತೊಡಗಿದರೆ ಮನೆಯ ದೊಡ್ಡವರು ಮಾತಾಡುವುದು ಕಡಿಮೆಯಾಗುತ್ತದೆ, ಮತ್ತು ಪರದೆ ಯಾರ ‘ಜೂ’ಗೂ ಕಾಯುವುದಿಲ್ಲ.

ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಚಿಕಿತ್ಸೆ ಎಂದರೆ, ಉಳಿದ ವಾರವೆಲ್ಲ ಮನೆಯವರದೇ. ಅದಕ್ಕಾಗಿ ನಮ್ಮತ್ತೆ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಮೂರು ಭಾಷೆಗಳ ಪದಗಳನ್ನೂ ಕನ್ನಡ ಅಕ್ಷರಗಳಲ್ಲೇ ಬರೆದಿಡತೊಡಗಿದರು. ಅವನಿಗೆ ಮೂರು ತುಂಬಲು ಇನ್ನೂ ಒಂದು ತಿಂಗಳಿದ್ದಾಗ, ಒಂದು ಭಾನುವಾರ ನೆಂಟರ ಹುಡುಗ ಅವನ ಕೈಯಿಂದ ಲಾರಿಯನ್ನು ಕಿತ್ತುಕೊಂಡ. ನಾನು ಅಡುಗೆಮನೆಯಿಂದ ಎದ್ದುಬಿದ್ದು ಓಡಿದೆ, ಏಕೆಂದರೆ ಆ ಹುಡುಗನ ತೋಳಿನಲ್ಲಿ ಹಿಂದಿನ ಸಲದ ಹಲ್ಲಿನ ಗುರುತು ಇನ್ನೂ ಮಾಸಿರಲಿಲ್ಲ. ಮಗ ಬಾಯಿ ತೆರೆದದ್ದು ನಿಜ. ಆದರೆ ಕಚ್ಚಲಿಲ್ಲ, ‘ಬೇಡ’ ಎಂದ. ಲಾರಿ ಸಿಗದಿದ್ದಾಗ ಇನ್ನೂ ಜೋರಾಗಿ ‘ಬೇಡ, ಕೊಡು’ ಎಂದ. ಅತ್ತೆ ಕನ್ನಡಕ ಹುಡುಕಿಕೊಂಡು ಹೋಗಿ, ಹಾಳೆಯಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಬರೆದರು.