ಅದೇ ಜೋಕು, ಬೇರೆ ನಗು

ನಮಸ್ಕಾರ. ಶಿವಮೊಗ್ಗದ ಈ ಮಳೆಯಲ್ಲಿ ಕೊಡೆ ಹಿಡಿದು ಇಷ್ಟು ಜನ ಬಂದಿದ್ದೀರಿ. ಪೀಠಿಕೆ ಹಾಕಿ ಕೂರಿಸುವುದಿಲ್ಲ.

ಯಕ್ಷಗಾನದ ಹಾಸ್ಯಗಾರನನ್ನೇ ನೋಡಿ. ತೀರ್ಥಹಳ್ಳಿಯಲ್ಲಿ ನಗಿಸಿದ ಮಾತಿಗೆ ಮರುದಿನ ಸಾಗರದಲ್ಲಿ ಯಾರೂ ನಗದಿದ್ದರೆ, ರಂಗದ ಮೇಲೇ ಅದನ್ನು ಬಿಟ್ಟು ಬೇರೆ ಹಿಡಿಯುತ್ತಾನೆ. ಟಿವಿಯ ಹಾಸ್ಯಕ್ಕೆ ಆ ಅನುಕೂಲ ಇಲ್ಲ. ಒಮ್ಮೆ ಚಿತ್ರೀಕರಿಸಿದ್ದು ಹಾಗೇ ಉಳಿಯುತ್ತದೆ. ಎದುರು ಕೂತವರಿಗೆ ಮಾತ್ರ ವಯಸ್ಸಾಗುತ್ತದೆ.

1989ರಲ್ಲಿ ದೂರದರ್ಶನದಲ್ಲಿ ಜಸ್ಪಾಲ್ ಭಟ್ಟಿಯವರ ಹಾಸ್ಯ ಧಾರಾವಾಹಿ ‘ಫ್ಲಾಪ್ ಶೋ’ ಬಂತು. ಇದ್ದದ್ದು ಹತ್ತೇ ಕಂತು. ಪ್ರತಿ ಕಂತಿನ ಕೊನೆಗೊಂದು ಸಿನಿಮಾ ಹಾಡಿನ ಅಣಕ. ಹೊಸನಗರದ ಹತ್ತಿರ ನಮ್ಮ ಮನೆ. ಆಂಟೆನಾ ಕಟ್ಟಿದ ಬಿದಿರು ಕಂಬವನ್ನು ನಾನು ಹೊರಗೆ ನಿಂತು ತಿರುಗಿಸಬೇಕು. ‘ಬಂತಾ?’ ಅಂತ ನಾನು ಕೂಗುವುದು, ‘ಬಂತು, ಬಂತು... ಅಯ್ಯೋ ಹೋಯ್ತಲ್ಲ ಮಾರಾಯ!’ ಅಂತ ಒಳಗಿನಿಂದ ಅಪ್ಪ. ಅರ್ಧ ಜೋಕನ್ನು ನಾನು ಕಿಟಕಿಯ ಆಚೆಯಿಂದಲೇ ಕೇಳಿದವನು.

ಅದರಲ್ಲಿ ಟೆಲಿಫೋನ್ ಇಲಾಖೆಯ ಮೇಲೊಂದು ಕಂತಿದೆ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರ ಕಾಲ ಅದು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಹೋದ ವರ್ಷ ಅದನ್ನೇ ಇಲ್ಲಿ ವಿನೋಬನಗರದಲ್ಲಿ ತಂಗಿಯ ಮಗನಿಗೆ ತೋರಿಸಿದೆ. ‘ಮಾವ, ಸಿಮ್ ಬದಲಾಯಿಸಿದ್ರೆ ಆಗ್ತಿತ್ತಲ್ವಾ?’ ಅಂದ. ನಾನು ವಿವರಿಸಲು ಹೊರಟೆ. ವಿವರಿಸಬೇಕಾಗಿ ಬಂದ ಜೋಕು ಅಲ್ಲಿಗೆ ಮುಗೀತು, ಅಲ್ವಾ? ಆದರೆ ಮುಂದಿನ ತಿಂಗಳು ಊರಲ್ಲಿ ಅಣ್ಣನ ಮಗಳಿಗೂ ಅದನ್ನೇ ಹಾಕಿದೆ. ಲಾಕ್‌ಡೌನಿನಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ, ಮಳೆಗೆ ತಲೆ ಮೇಲೆ ಕಂಬಳಿ ಹೊದ್ದು ಪಾಠ ಕೇಳಿದ ಹುಡುಗಿ. ಅವಳು ಬಿದ್ದು ಬಿದ್ದು ನಕ್ಕಳು. ಹಾಗಾಗಿ ‘ಈ ಕಾಲದ ಮಕ್ಕಳಿಗೆ ಹಳೇ ಹಾಸ್ಯ ಅರ್ಥ ಆಗಲ್ಲ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ಮಕ್ಕಳು, ಯಾವ ಊರಿನವರು ಅಂತ ಕೇಳಬೇಕು.

ಬಿಬಿಸಿ ಟಿವಿಯ ಹಾಸ್ಯ ಕಾರ್ಯಕ್ರಮ ‘ಮಾಂಟಿ ಪೈಥಾನ್’ ಗೊತ್ತಲ್ಲ? 1969ರದ್ದು. ಸತ್ತ ಗಿಳಿಯನ್ನು ವಾಪಸ್ ತಂದ ಗಿರಾಕಿಗೆ ಅಂಗಡಿಯವನು ‘ಅದು ಸತ್ತಿಲ್ಲ, ಸುಧಾರಿಸಿಕೊಳ್ತಿದೆ’ ಅನ್ನುತ್ತಾನೆ. ಅದರ ಮೂಲ ಗಿಳಿಯಲ್ಲ, ಕಾರು. ಕಾರು ಕೆಟ್ಟಿದೆ ಅಂತ ಏನು ಮಾಡಿದರೂ ಒಪ್ಪದ ಒಬ್ಬ ವ್ಯಾಪಾರಿ. ನಮ್ಮ ಮಿಕ್ಸಿ ಮೂರನೇ ಸಲ ರಿಪೇರಿಗೆ ಹೋದಾಗ ‘ಮೋಟಾರು ಸರಿಯಾಗೇ ಇದೆ ಸಾರ್, ತಿರುಗ್ತಿಲ್ಲ ಅಷ್ಟೇ’ ಅನ್ನಿಸಿಕೊಂಡು ಬಂದವನು ನಾನು. ನನಗೆ ಆ ಗಿಳಿ ಇನ್ನೂ ಹಳತಾಗಿಲ್ಲ.

ಇನ್ನು ಗಂಡ–ಹೆಂಡತಿ ಜೋಕುಗಳು. ಹಳೇ ಕಾರ್ಯಕ್ರಮಗಳಲ್ಲಿ ಸೀರೆ, ಒಡವೆ ಕೇಳಿ ಗಂಡನನ್ನು ಗೋಳು ಹೊಯ್ಯುವ ಹೆಂಡತಿ ಇದ್ದೇ ಇರುತ್ತಿದ್ದಳು. ಈಗಿನವರಿಗೆ ಅದಕ್ಕೆ ನಗು ಬರುವುದಿಲ್ಲ, ತುಂಬಾ ಸೂಕ್ಷ್ಮ ಆಗಿಬಿಟ್ಟಿದ್ದಾರೆ ಅಂತ ನಾನು ಮನೆಯಲ್ಲಿ ಗೊಣಗುತ್ತಿದ್ದೆ. ಚಿಕ್ಕಮ್ಮ ಅಡಿಕೆ ಸುಲಿಯುತ್ತಿದ್ದರು. ತಲೆ ಎತ್ತದೆ ಹೇಳಿದರು: ‘ನಂಗೆ ಆಗ್ಲೂ ನಗು ಬರ್ತಿರ್ಲಿಲ್ಲ ಕಣೋ. ನೀವೆಲ್ಲ ನಗ್ತಿದ್ರಿ ಅಂತ ಸುಮ್ನೆ ನಗ್ತಿದ್ದೆ.’ ಮೆಟ್ಟುಗತ್ತಿಯ ಸದ್ದು ಮತ್ತೆ ಶುರುವಾಯಿತು. ಆ ಕೋಣೆಯಲ್ಲಿ ಅಂದು ಯಾರ್‍ಯಾರು ನಿಜಕ್ಕೂ ನಕ್ಕಿದ್ದರು ಅಂತ ಈಗ ನನಗೆ ಅನುಮಾನ.

ನನ್ನದೂ ಒಂದಿದೆ, ಹೇಳಿಬಿಡುತ್ತೇನೆ. ‘ಫ್ಲಾಪ್ ಶೋ’ದಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಯಿಂದ ಮನೆಗೆಲಸ ಮಾಡಿಸುವ ಗೈಡ್ ಬರುತ್ತಾನೆ. ವಿದ್ಯಾರ್ಥಿಯಾಗಿದ್ದಾಗ ಅದಕ್ಕೆ ನಾನು ನಕ್ಕಷ್ಟು ಯಾರೂ ನಕ್ಕಿರಲಿಕ್ಕಿಲ್ಲ. ಈಚೆಗೆ ಮತ್ತೆ ನೋಡುತ್ತಿದ್ದೆ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ನನ್ನ ಸಂಶೋಧನಾ ವಿದ್ಯಾರ್ಥಿ ಬೈಕಿನ ಹಿಂದೆ ನಮ್ಮ ಮನೆಯ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಬಂದಿದ್ದ. ನಾನು ಎದ್ದು ಮೊದಲು ಟಿವಿ ಆರಿಸಿದೆ.