ನೀರಿನ ನೈಟ್ರೇಟ್ ಪತ್ತೆಗೆ ತಾಮ್ರದ ಕಣ

ಕೇಳುಗರಿಗೆ ನಮಸ್ಕಾರ.

ನೀರಿನಲ್ಲಿ ನೈಟ್ರೇಟ್, ಅಂದರೆ ಸಾರಜನಕ ಮತ್ತು ಆಮ್ಲಜನಕ ಸೇರಿ ಆದ ಕರಗುವ ವಸ್ತು, ಇದ್ದರೆ ನಮ್ಮ ಕಣ್ಣಿಗೂ ಗೊತ್ತಾಗುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. ಕುದಿಸಿದರೆ ಹೋಗುತ್ತದೆ ಅಂತ ಕೆಲವರು ನಂಬಿದ್ದಾರೆ. ಹೋಗುವುದು ನೀರು, ಆವಿಯಾಗಿ. ನೈಟ್ರೇಟ್ ಅಲ್ಲೇ ಉಳಿದು, ಲೀಟರಿಗೆ ಇನ್ನೂ ಜಾಸ್ತಿಯಾಗುತ್ತದೆ! ಹೊಲದ ಗೊಬ್ಬರ, ಚರಂಡಿ ನೀರು ಇಂಗಿ ಅಂತರ್ಜಲ ಸೇರುವುದರಿಂದ ಇದು ಬರುತ್ತದೆ. ಇಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ, ಹಸುಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ, ಲೀಟರಿಗೆ 50 ಮಿಲಿಗ್ರಾಂ.

ಇದನ್ನು ಕರೆಂಟಿನಿಂದ ಅಳೆಯಬಹುದು. ನೀರಿಗೆ ಎಲೆಕ್ಟ್ರೋಡ್, ಅಂದರೆ ಕರೆಂಟ್ ಹಾಯಿಸುವ ಕಡ್ಡಿ, ಇಳಿಸಿ ವೋಲ್ಟೇಜ್ ಕೊಟ್ಟರೆ, ನೈಟ್ರೇಟ್ ಅದರಿಂದ ಎಲೆಕ್ಟ್ರಾನ್ ತೆಗೆದುಕೊಂಡು, ಒಂದು ಆಮ್ಲಜನಕ ಕಳೆದುಕೊಂಡು, ಮೊದಲು ನೈಟ್ರೈಟ್ ಆಗುತ್ತದೆ, ಆಮೇಲೆ ಹೆಚ್ಚಾಗಿ ಅಮೋನಿಯಾ ಆಗುತ್ತದೆ. ನೈಟ್ರೇಟ್ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು. ಇಂಥ ಅಳತೆಗೆ ದಾರಿ ಹಾಕಿದವರು ಪ್ರಾಗ್ ನಗರದ ಯಾರೊಸ್ಲಾವ್ ಹೆಯ್ರೋವ್‌ಸ್ಕಿ. 1922ರಲ್ಲಿ ಅವರು ಬಳಸಿದ್ದು ತೊಟ್ಟಿಕ್ಕುವ ಪಾದರಸ. 1959ರಲ್ಲಿ ನೊಬೆಲ್ ಬಂತು. ಆದರೆ ಪಾದರಸವೇ ವಿಷ, ಅಲ್ವಾ?

ನೈಟ್ರೇಟ್ ಮಟ್ಟಿಗೆ ತಾಮ್ರ ಒಳ್ಳೆಯ ಬದಲಿ. ನೈಟ್ರೇಟ್‌ನಿಂದ ನೈಟ್ರೈಟ್ ಆಗುವ ಮೊದಲ ಹೆಜ್ಜೆ ತುಂಬಾ ನಿಧಾನ. ಕಾರ್ಬನ್ ಎಲೆಕ್ಟ್ರೋಡ್ ಮೇಲೆ ಅದು ನಡೆಯುವುದೇ ಕಷ್ಟ. ತಾಮ್ರ ನೈಟ್ರೇಟನ್ನು ತನ್ನ ಮೈಗೆ ಅಂಟಿಸಿಕೊಂಡು ಆ ಹೆಜ್ಜೆಯನ್ನು ಚುರುಕು ಮಾಡುತ್ತದೆ. ಬೆಳ್ಳಿ, ಚಿನ್ನಕ್ಕೆ ಹೋಲಿಸಿದರೆ ಅಗ್ಗವೂ ಹೌದು.

ಇನ್ನು ಈ ತಾಮ್ರವನ್ನು ನ್ಯಾನೋ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಬಳಸುತ್ತಾರೆ. ಯಾಕೆ? ಈ ಕೆಲಸವೆಲ್ಲ ನಡೆಯುವುದು ಲೋಹದ ಮೇಲ್ಮೈಯಲ್ಲಿ. ಒಂದು ಸೆಂಟಿಮೀಟರ್ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಆ ಘನವನ್ನೇ 10 ನ್ಯಾನೋಮೀಟರ್ ಘನಗಳಾಗಿ ಕತ್ತರಿಸಿದರೆ ಒಟ್ಟು 600 ಚದರ ಮೀಟರ್ ಆಗುತ್ತದೆ. ತಾಮ್ರ ಅಷ್ಟೇ, ಜಾಗ ಹತ್ತು ಲಕ್ಷ ಪಟ್ಟು.

ಇಂಥ ವಿಶಾಲ ಮೇಲ್ಮೈಯ ತಾಮ್ರ ಮಾಡಲು ಭಾರಿ ಯಂತ್ರವೇ ಬೇಕೆಂದಿಲ್ಲ. ಪೆನ್ಸಿಲ್ಲಿನ ಕಡ್ಡಿಯನ್ನೇ ಎಲೆಕ್ಟ್ರೋಡ್ ಮಾಡಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಮೈಲುತುತ್ತದ ನೀಲಿ ದ್ರಾವಣಕ್ಕೆ ಸ್ವಲ್ಪ ಗಂಧಕಾಮ್ಲ ಬೆರೆಸಿ, ಕಡ್ಡಿಯನ್ನು ಮುಳುಗಿಸಿ ಮೈನಸ್ ಕಡೆಗೆ ಜೋಡಿಸುತ್ತಾರೆ. ಕಪ್ಪು ಕಡ್ಡಿ ಕೆಂಪಾಗುತ್ತದೆ. ವೋಲ್ಟೇಜ್ ಏರಿಸಿದರೆ ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ. ಗುಳ್ಳೆಗಳ ಸುತ್ತ ತಾಮ್ರ ಬೆಳೆದು ತೂತುತೂತಾದ ಸ್ಪಂಜು ನಿಲ್ಲುತ್ತದೆ.

ಇಲ್ಲಿ ನನ್ನದೊಂದು ತಕರಾರು ಇದೆ. ‘ನಮ್ಮ ಸೆನ್ಸರ್ ಇಷ್ಟು ಕಡಿಮೆಯನ್ನೂ ಹಿಡಿಯುತ್ತದೆ’ ಎಂಬ ಪೈಪೋಟಿ ಈ ಸಂಶೋಧನೆಯಲ್ಲಿ ಜೋರಾಗಿದೆ. ನೈಟ್ರೇಟ್‌ಗೆ ಅದು ಯಾಕೆ ಬೇಕು? ಮಿತಿಯೇ 50 ಮಿಲಿಗ್ರಾಂ ಇರುವಾಗ ಅದರ ಲಕ್ಷದಲ್ಲೊಂದು ಪಾಲು ಹಿಡಿದು ಏನು ಮಾಡುವುದು? ಇವತ್ತು ತೋರಿಸಿದ ಲೆಕ್ಕವನ್ನೇ ಅದೇ ನೀರಿಗೆ ಮುಂದಿನ ತಿಂಗಳೂ ತೋರಿಸಬೇಕು. ಕಷ್ಟ ಇರುವುದು ಅಲ್ಲಿ.

ತಾಮ್ರ ಗಾಳಿಗೆ ಕಂದುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ತಾನೂ ಎಲೆಕ್ಟ್ರಾನ್ ಕಿತ್ತುಕೊಂಡು ಸುಳ್ಳು ಕರೆಂಟ್ ಕೊಡುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ತಾಮ್ರವನ್ನು ಕೊರೆಯುತ್ತದೆ. ಕೊಳೆತ ಎಲೆಯ ರಸದಂಥದ್ದು ಮೇಲ್ಮೈಗೆ ಅಂಟಿಕೊಂಡು ದಾರಿ ಮುಚ್ಚುತ್ತದೆ. ಶುದ್ಧ ನೀರಿಗೆ ನೈಟ್ರೇಟ್ ಬೆರೆಸಿ ಪರೀಕ್ಷಿಸಿದಾಗ ಈ ತರಲೆಗಳು ಅಷ್ಟಾಗಿ ಕಾಣುವುದಿಲ್ಲ. ಕೆರೆ ನೀರಿಗೆ ಇಳಿಸಿದಾಗಲೇ ಬಣ್ಣ ಬಯಲು. ಅದಕ್ಕೇ ಬಲ್ಲವರು, ಅಳೆಯುವ ನೀರಿಗೇ ಗೊತ್ತಿರುವಷ್ಟು ನೈಟ್ರೇಟ್ ಹಾಕಿ, ಕರೆಂಟ್ ಎಷ್ಟು ಏರಿತು ನೋಡಿ, ಅದರಿಂದ ಮೊದಲಿದ್ದ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ.

ಇನ್ನೊಂದು ಮಾತು. ತಾಮ್ರವೂ ಮಿತಿ ಮೀರಿದರೆ ಮಾಲಿನ್ಯವೇ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 2 ಮಿಲಿಗ್ರಾಂ. ಎಲೆಕ್ಟ್ರೋಡಿನಿಂದ ಚೂರುಪಾರು ಕರಗಿ ನೀರು ಸೇರಬಹುದು. ಹಾಗಾಗಿ ಅಳತೆಗೆ ತೆಗೆದ ನೀರನ್ನು ವಾಪಸ್ ತೊಟ್ಟಿಗೆ ಸುರಿಯುವಂತಿಲ್ಲ, ಬೇರೆಯಾಗಿಯೇ ತೆಗೆದಿಡಬೇಕು.